ಗಾಜಪ್ಪನ ಮೂರು ಸುರುಳಿ

ಹೆತ್ತವರು ಇಟ್ಟ ಹೆಸರು ಅವನ ಗುರುತಿನ ಚೀಟಿಯಲ್ಲಿ ಭದ್ರವಾಗಿತ್ತು. ಊರು ಮಾತ್ರ ಅವನನ್ನು ಗಾಜಪ್ಪ ಎಂದೇ ಕರೆಯುತ್ತಿತ್ತು. ಕಾರಿನ ಗಾಜಿಗೆ ಕೂಲಿಂಗ್ ಪೇಪರ್ ಅಂಟಿಸುವುದು, ಸೀಟಿಗೆ ಕವರ್ ಹಾಕುವುದು ಅವನ ಕೆಲಸ. ಅಂಟಿಸುವುದು ಅವನದಾದರೆ ಹೊಲಿಯುವುದು ಹೆಂಡತಿಯದು. ಅಂಗಡಿಯ ಮುಂಭಾಗದಲ್ಲಿ ಒಂದು ಕಾರು ನಿಲ್ಲುವಷ್ಟು ಜಾಗ, ಹಿಂಭಾಗದಲ್ಲಿ ಹೊಲಿಗೆ ಯಂತ್ರ, ಸ್ಪಂಜಿನ ಹಾಳೆಗಳ ರಾಶಿ, ಮಧ್ಯೆ ಒಂದು ಪರದೆ. ಪರದೆಯ ಆಚೆಯಿಂದ ಹೆಂಡತಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಹೇಳಬೇಕಾದ್ದನ್ನು ಯಂತ್ರದ ಸದ್ದಿನಲ್ಲೇ ಹೇಳುತ್ತಿದ್ದಳು. ಗಂಡ ಬೊಗಳೆ ಬಿಡತೊಡಗಿದರೆ ಯಂತ್ರ ಜೋರಾಗಿ ಓಡುತ್ತಿತ್ತು.

ಗೋಡೆಗೆ ಮೂರು ಸುರುಳಿ ನೇತಾಡುತ್ತಿದ್ದವು. ಅವುಗಳಿಗೆ ಕಂಪನಿಯವರು ಏನೋ ಅಂಕಿ ಸಂಖ್ಯೆ ಕೊಟ್ಟಿದ್ದರು. ಗಾಜಪ್ಪ ಅವಕ್ಕೆ ತನ್ನದೇ ಹೆಸರಿಟ್ಟಿದ್ದ: ಹಗಲು, ಸಂಜೆ, ರಾತ್ರಿ. ಹಗಲು ಕಾನೂನು ಒಪ್ಪುವ ಪೇಪರ್, ಹಾಕಿದರೂ ಹಾಕದಂತೆ ಇರುತ್ತದೆ. ಸಂಜೆ ಹಾಕಿದರೆ ಕಣ್ಣು ಕಿರಿದು ಮಾಡಿ ನೋಡಿದವರಿಗೆ ಒಳಗಿನ ಮನುಷ್ಯರು ಕಾಣುತ್ತಾರೆ. ರಾತ್ರಿ ಎಂದರೆ ರಾತ್ರಿಯೇ. ಅದನ್ನು ಹಾಕುವ ಹಾಗಿಲ್ಲ ಎಂದು ಸರ್ಕಾರ ಹೇಳಿತ್ತು. ಹಾಗಾಗಿಯೇ ಕೇಳುವವರು ಅದನ್ನೇ ಕೇಳುತ್ತಿದ್ದರು.

ಗಾಜಪ್ಪನಿಗೆ ಕೈಚಳಕವೂ ಇತ್ತು, ಬಾಯಿಚಳಕವೂ ಇತ್ತು. ಸೋಪಿನ ನೀರು ಚಿಮುಕಿಸಿ, ರಬ್ಬರ್ ಪಟ್ಟಿಯಿಂದ ಒಂದು ಗುಳ್ಳೆಯೂ ಉಳಿಯದ ಹಾಗೆ ಎಳೆದು ಮುಗಿಸಿದ ಮೇಲೆ ಅವನು ಒಂದು ಸಣ್ಣ ಕಿತಾಪತಿ ಮಾಡುತ್ತಿದ್ದ. ಹಗಲಿನ ಸುರುಳಿಯ ಜೊತೆ ಬರುವ, 'ಇದು ನಿಯಮಕ್ಕೆ ಒಳಪಟ್ಟಿದೆ' ಎಂದು ಬರೆದ ಚೀಟಿಯನ್ನು ರಾತ್ರಿ ಹಾಕಿದ ಗಾಜಿನ ಮೂಲೆಗೆ ಅಂಟಿಸಿಬಿಡುತ್ತಿದ್ದ. ತಡೆದು ನಿಲ್ಲಿಸಿದ ಪೊಲೀಸರಿಗೆ ತೋರಿಸಲು ಏನಾದರೂ ಬೇಕಲ್ಲ. ಚೀಟಿಯ ಬಲ ಮೂಲೆಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸುತ್ತಿದ್ದ. ನಾಳೆ ಪೇಪರ್ ಎದ್ದು ಬಂತು ಎಂದು ಯಾರಾದರೂ ಜಗಳಕ್ಕೆ ಬಂದರೆ ಇದು ತನ್ನ ಕೆಲಸ ಹೌದೋ ಅಲ್ಲವೋ ಎಂದು ತಿಳಿಯಲು ಆ ಗುರುತು.

ಕೊನೆಗೆ ಬೆರಳಿನ ಪರೀಕ್ಷೆ. ಗಿರಾಕಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ತಾನು ಹೊರಗೆ ನಿಂತು ಬೆರಳು ಎತ್ತಿ "ಎಷ್ಟು?" ಎಂದು ಕೂಗುತ್ತಿದ್ದ. ಒಳಗಿನಿಂದ ಸರಿಯಾದ ಲೆಕ್ಕ ಬರುತ್ತಿತ್ತು. ಆಮೇಲೆ ಗಿರಾಕಿಯನ್ನು ಹೊರಗೆ ಕರೆದು, ತಾನು ಒಳಗೆ ಕೂತು ನಾಲಿಗೆ ಚಾಚಿ ಅಣಕಿಸುತ್ತಿದ್ದ. ಹೊರಗಿದ್ದವನಿಗೆ ಕಾಣುತ್ತಿದ್ದದ್ದು ತನ್ನದೇ ಮುಖ. "ಒಳಗಿಂದ ಊರೆಲ್ಲ ಕಾಣುತ್ತೆ, ಊರಿಗೆ ಒಳಗಿರೋರು ಕಾಣಲ್ಲ, ಹೆಂಗೆ?" ಎಂದು ಹೊರಗೆ ಬಂದು ಎದೆ ಉಬ್ಬಿಸುತ್ತಿದ್ದ. ಈ ಮಾತನ್ನು ಅವನು ಸಾವಿರ ಸಲವಾದರೂ ಹೇಳಿರಬೇಕು.

ಬೇಸಿಗೆ ಶುರುವಾಗುವ ಹೊತ್ತಿಗೆ ಒಬ್ಬ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವರು, ಅಂಗಿಯ ತೋಳಿನಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ. ಕಾರು ಹಳೆಯದು, ಹಿಂದಿನ ಸೀಟಿಗೆ ಕಟ್ಟಿದ ಮಕ್ಕಳ ಕುರ್ಚಿ ಹೊಸದು, ಅದರಲ್ಲಿ ಕೂತ ಗಂಡು ಮಗುವಿಗೆ ಮೂರು ತುಂಬಲು ಇನ್ನೂ ನಾಲ್ಕು ತಿಂಗಳು.

"ಬಿಸಿಲು ನೇರವಾಗಿ ಮುಖಕ್ಕೆ ಹೊಡಿಯುತ್ತೆ, ಅಳ್ತಾನೆ. ಹಿಂದಿನ ಎರಡು ಬಾಗಿಲಿಗೆ ಹಾಕಿಕೊಡಿ ಸಾಕು," ಎಂದರು ಮೇಷ್ಟ್ರು. ಗಾಜಪ್ಪ ಹೆಸರು ಹೇಳಿ ತೋರಿಸಿದ ಸುರುಳಿಗಳನ್ನು ನೋಡಿ "ಸಂಜೆ ಸಾಕಲ್ವಾ?" ಎಂದು ಕೇಳಿದರು.

ಇಲ್ಲಿ ಗಾಜಪ್ಪ ಸುಮ್ಮನಿರಬಹುದಿತ್ತು. ಆದರೆ ಗಿರಾಕಿ ಕೇಳಿದ್ದನ್ನೇ ಕೊಟ್ಟು ಕಳಿಸಿದರೆ ಅವನ ಬಾಯಿಗೆ ತುರಿಕೆ.

"ಸಂಜೆ ಯಾಕೆ ಮೇಷ್ಟ್ರೇ, ಮಗು ನಿದ್ದೆ ಮಾಡ್ಬೇಕು ತಾನೇ? ರಾತ್ರಿ ಹಾಕಿಸಿಬಿಡಿ. ತೊಟ್ಟಿಲಲ್ಲಿ ಮಲಗಿದಂಗೆ ಮಲಗುತ್ತೆ."

"ರೂಲ್ಸು?"

"ಅದು ನನಗೆ ಬಿಡಿ."

ಪರದೆಯ ಆಚೆ ಹೊಲಿಗೆ ಯಂತ್ರ ಜೋರಾಗಿ ಓಡಿತು. ಗಾಜಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲಸ ಮುಗಿದು ಬೆರಳಿನ ಪರೀಕ್ಷೆಗೆ ಮೇಷ್ಟ್ರು ಮಗುವಿನ ಪಕ್ಕ ಕೂತರು. ಗಾಜಪ್ಪ ಹೊರಗಿನಿಂದ ಮೂರು ಬೆರಳು ತೋರಿಸಿದ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಒಂದು ಎಳೆ ದನಿ ಕಿರುಚಿತು: "ಎಡ್ಡು!" ಒಂದು ಬೆರಳು ತೋರಿಸಿದ. "ಎಡ್ಡು!" ನಾಲ್ಕು ತೋರಿಸಿದ. "ಎಡ್ಡು!" ಆ ಮಗುವಿಗೆ ಗೊತ್ತಿದ್ದದ್ದು ಎರಡು ಎಂಬುದೊಂದೇ, ಅದನ್ನೂ ಹೇಳಲು ಬರುತ್ತಿರಲಿಲ್ಲ. ಲೆಕ್ಕದ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪರದೆ ಸರಿಸಿ ಹೆಂಡತಿಯೂ ಬಂದು ನಕ್ಕಳು. ಗಾಜಪ್ಪನಿಗೆ ಒಳಗಿದ್ದ ಮಗು ಕಾಣುತ್ತಿರಲಿಲ್ಲ, ಗಾಜಿನಲ್ಲಿ ಹಲ್ಲು ಕಿಸಿಯುತ್ತಿದ್ದ ತನ್ನ ಮೂತಿ ಮಾತ್ರ ಕಾಣುತ್ತಿತ್ತು.

ಇದಾಗಿ ಐದು ವಾರಕ್ಕೆ, ಬಿಸಿಲು ನೆತ್ತಿ ಸುಡುವ ಒಂದು ದಿನ, ಹೈಸ್ಕೂಲಿನ ಹಿಂದಿನ ಕಾಂಪೌಂಡಿನಲ್ಲಿ ನಿಂತಿದ್ದ ಕಾರಿನಲ್ಲಿ ಒಂದು ಮಗು ಸತ್ತಿತು ಎಂಬ ಸುದ್ದಿ ಬಂತು. ಗಾಜಪ್ಪ ಆಗ ಕ್ಷೌರದಂಗಡಿಯ ಕುರ್ಚಿಯಲ್ಲಿದ್ದ. ಕ್ಷೌರದವನು ಕತ್ತರಿ ಆಡಿಸುತ್ತಲೇ ಸುದ್ದಿ ಹೇಳಿದ. ದಿನಾ ತಾಯಿ ಮಗುವನ್ನು ಪ್ಲೇ ಹೋಮಿಗೆ ಬಿಡುತ್ತಿದ್ದಳಂತೆ. ಆಕೆ ನರ್ಸು, ಅವತ್ತು ಬೆಳಗಿನ ಡ್ಯೂಟಿ ಬಿತ್ತಂತೆ. ತಂದೆ ಕರೆದುಕೊಂಡು ಹೊರಟನಂತೆ. ಮಗು ಹಿಂದೆ ನಿದ್ದೆ ಹೋಯಿತಂತೆ. ದಿನದ ಅಭ್ಯಾಸದಂತೆ ಕಾರು ನೇರ ಸ್ಕೂಲಿಗೆ ಹೋಯಿತಂತೆ. ಮಧ್ಯಾಹ್ನ ಮೂರಕ್ಕೆ ತಾಯಿ ಪ್ಲೇ ಹೋಮಿಗೆ ಹೋಗಿ ಮಗು ಎಲ್ಲಿ ಎಂದಾಗಲೇ ಗೊತ್ತಾದದ್ದು.

"ಅಂಥೋನ ಕೈಗೆ ಮಗು ಕೊಡಬಾರದಿತ್ತು, ನೇಣಿಗೆ ಹಾಕ್ಬೇಕು," ಎಂದ ಗಾಜಪ್ಪ. ಕ್ಷೌರದವನು ಹೌದು ಹೌದು ಎಂದ.

ಸಂಜೆ ಮನೆಗೆ ಬಂದು ಟಿವಿಯಲ್ಲಿ ಆ ಹಳೆಯ ಕಾರನ್ನು ನೋಡಿದಾಗ ಗಾಜಪ್ಪನಿಗೆ ಅದು ಮೇಷ್ಟ್ರದು ಎಂದು ಗುರುತು ಸಿಕ್ಕಿತು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಹಿಂದಿನ ಎರಡು ಬಾಗಿಲಿಗೂ ಗಾಜು ಇರಲಿಲ್ಲ. ಬೀಗದಕೈ ಸ್ಟಾಫ್ ರೂಮಿನ ಚೀಲದಲ್ಲಿತ್ತು, ಅದನ್ನು ತರುವಷ್ಟು ತಾಳ್ಮೆ ಯಾರಿಗಿದ್ದೀತು? ಓಡಿ ಬಂದವರು ಎರಡೂ ಕಡೆಯಿಂದ ಕಲ್ಲಿನಲ್ಲಿ ಹೊಡೆದಿದ್ದರು. ಪೇಪರಿಗೆ ಅಂಟಿಕೊಂಡ ಗಾಜು ಚಾಪೆಯ ಹಾಗೆ ಕಳಚಿ ಬಿದ್ದಿತ್ತು. ಮಕ್ಕಳ ಕಾಲಿಗೆ ಚುಚ್ಚೀತೆಂದು ಸ್ಕೂಲಿನ ಕಸ ಗುಡಿಸುವಾಕೆ ಪೊಲೀಸರು ಬರುವ ಮೊದಲೇ ಎಲ್ಲ ಗುಡಿಸಿ ಕಸದ ಗಾಡಿಗೆ ಹಾಕಿಬಿಟ್ಟಿದ್ದಳು. ಆಕೆಯ ತಪ್ಪೇನೂ ಇಲ್ಲ, ಅದು ಆಕೆಯ ಕೆಲಸ.

ಮೊದಲ ಎರಡು ದಿನ ಊರು ಎರಡು ಭಾಗವಾಗಿತ್ತು. ಮರೆವು ಯಾರಿಗಿಲ್ಲ, ಪಾಪ, ಆ ಮನುಷ್ಯನಿಗೆ ಇದಕ್ಕಿಂತ ಶಿಕ್ಷೆ ಬೇಕೇ ಎನ್ನುವವರು ಒಂದು ಕಡೆ. ಮೊಬೈಲು ಮರೆಯುತ್ತೀರಾ, ಮಗು ಹೇಗೆ ಮರೆಯುತ್ತೀರಿ ಎನ್ನುವವರು ಇನ್ನೊಂದು ಕಡೆ. "ನಲವತ್ತು ಮಕ್ಕಳ ಹಾಜರಿ ಕೂಗೋನಿಗೆ ತನ್ನ ಒಂದು ಮಗುವಿನ ಹಾಜರಿ ನೆನಪಾಗ್ಲಿಲ್ವಾ?" ಎಂಬ ಮಾತು ಯಾರ ಬಾಯಲ್ಲಿ ಹುಟ್ಟಿತೋ, ಅದು ಎಲ್ಲರ ಬಾಯಿಗೂ ಬಂತು. ತಾಯಿಯನ್ನೂ ಬಿಡಲಿಲ್ಲ. ಡ್ಯೂಟಿ ಡ್ಯೂಟಿ ಎಂದು ಓಡುವವಳಿಗೆ ಮಗು ಯಾಕೆ ಬೇಕಿತ್ತು ಎಂದರು. ಮಗುವನ್ನು ಮಣ್ಣು ಮಾಡಿ ಬಂದ ಹೆಣ್ಣಿನ ಬಗ್ಗೆ ಜನ ಬಾಯಿ ಒರೆಸಿಕೊಂಡು ಇಷ್ಟು ಹೇಳಿ ಚಹಾ ಕುಡಿಯಲು ಹೋದರು. ಟಿವಿಯಲ್ಲಿ ಒಬ್ಬ ಡಾಕ್ಟರು, ಅಭ್ಯಾಸ ಮನುಷ್ಯನನ್ನು ಹೇಗೆ ನಡೆಸಿಕೊಂಡು ಹೋಗುತ್ತದೆ ಎಂದು ಹೇಳಲು ಬಂದಿದ್ದರು. ನಾಲ್ಕು ಮಂದಿ ಒಟ್ಟಿಗೆ ಕಿರುಚಿ ಅವರ ಬಾಯಿ ಮುಚ್ಚಿಸಿದರು.

ಮೂರನೆಯ ದಿನ ವೀಡಿಯೋ ಬಂತು. ಅದಾದ ಮೇಲೆ ಊರು ಒಂದೇ ಆಯಿತು.

ಕಾಲೇಜಿಗೆ ಹೋಗುವ ಮಗಳು ಅದನ್ನು ಮೊಬೈಲಿನಲ್ಲಿ ತಂದು ತೋರಿಸಿದಳು. ಕಾಂಪೌಂಡಿನ ಕ್ಯಾಮೆರಾ ಹಿಡಿದದ್ದು. ಹೊತ್ತು ಹನ್ನೊಂದೂ ಮುಕ್ಕಾಲು. ಮೇಷ್ಟ್ರು ನಡೆದು ಬರುತ್ತಾರೆ. ಕಾರಿನ ಹಿಂದಿನ ಬಾಗಿಲಿನ ಮುಂದೆ ನಿಲ್ಲುತ್ತಾರೆ. ಬಗ್ಗಿ ಗಾಜಿನೊಳಗೆ ನೋಡುತ್ತಾರೆ. ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಾರೆ, ಕೆನ್ನೆಯ ಸೀಮೆಸುಣ್ಣ ಒರೆಸಿಕೊಳ್ಳುತ್ತಾರೆ, ಇನ್ನೊಮ್ಮೆ ಬಗ್ಗಿ ನೋಡುತ್ತಾರೆ, ಹೋಗುತ್ತಾರೆ. ಅವತ್ತು ಕ್ಲಾಸಿನ ಗ್ರೂಪ್ ಫೋಟೋ ಇತ್ತು. ಆ ಫೋಟೋವೂ ವೀಡಿಯೋದ ಜೊತೆಗೇ ಊರು ಸುತ್ತಿತು. ನಲವತ್ತು ಮಕ್ಕಳ ನಡುವೆ ನೀಟಾಗಿ ಬೈತಲೆ ತೆಗೆದ ಮೇಷ್ಟ್ರು ನಗುತ್ತಿದ್ದರು.

"ನೋಡಪ್ಪ, ಒಳಗೆ ಮಗು ಸಾಯ್ತಾ ಇದೆ, ಇವನು ಇಣುಕಿ ನೋಡಿ ತಲೆ ಬಾಚ್ಕೋತಾ ಇದಾನೆ. ಬೇಕೂಂತಲೇ ಮಾಡಿದ್ದು," ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು. "ನಾನೂ ಬರೆದೆ, ಇವನನ್ನ ಅದೇ ಕಾರಲ್ಲಿ ಕೂಡಿಹಾಕಿ ಅಂತ. ಎಂಟು ಸಾವಿರ ಜನ ಲೈಕ್ ಮಾಡಿದಾರೆ."

ಮೇಷ್ಟ್ರನ್ನು ಬಿಟ್ಟರೆ, ಅವರು ಅಲ್ಲಿ ಏನು ನೋಡಿದರು ಎಂದು ಭೂಮಿಯ ಮೇಲೆ ಗೊತ್ತಿದ್ದವನು ಗಾಜಪ್ಪನೊಬ್ಬ. ಅವರು ತಮ್ಮ ಮುಖ ನೋಡಿಕೊಂಡರು.

ಪೊಲೀಸರಿಗೆ ಇದು ಹೊಳೆಯಲಿಲ್ಲವೇ? ಹೊಳೆದಿತ್ತು, ಮೇಷ್ಟ್ರೂ ಹೇಳಿದ್ದರು. ಆದರೆ ಬಾಗಿಲಿನ ಚೌಕಟ್ಟಿನಲ್ಲಿ ಉಗುರಗಲದ ಗಾಜಿನ ಚೂರು ಉಳಿದಿತ್ತು, ಅದನ್ನು ಪೂರ್ತಿ ಮುಚ್ಚಿಕೊಂಡು ಆ ನಿಯಮದ ಚೀಟಿ ಇತ್ತು. ಮಾರನೆಯ ದಿನ ಟಿವಿಯಲ್ಲಿ ಅದನ್ನು ದೊಡ್ಡದು ಮಾಡಿ ಕೆಂಪು ಗೆರೆ ಸುತ್ತಿ ತೋರಿಸಿದರು. ನಿಯಮಕ್ಕೆ ಒಳಪಟ್ಟ ಪೇಪರ್, ಹತ್ತಿರ ನಿಂತರೆ ಒಳಗಿರುವುದು ಚೆನ್ನಾಗಿ ಕಾಣುತ್ತದೆ, ಆದ್ದರಿಂದ ಆರೋಪಿ ಮಗುವನ್ನು ನೋಡಿದ್ದಾನೆ ಎಂದರು. ಕೇಸು ಮರೆವಿನಿಂದ ಕೊಲೆಗೆ ಏರಿತು. ಚೀಟಿಯ ಬಲ ಮೂಲೆ ಓರೆಯಾಗಿ ಕತ್ತರಿಸಿತ್ತು.

ಮೂರು ದಿನ ಗಾಜಪ್ಪ ಬಾಯಿಗೆ ಬೀಗ ಹಾಕಿಕೊಂಡ. ಅಂಗಡಿಗೆ ಬಂದವರೆಲ್ಲ ಅದೇ ಮಾತಾಡುತ್ತಿದ್ದರು. ಒಬ್ಬ ಗಿರಾಕಿ ಮೇಷ್ಟ್ರ ಸುದ್ದಿ ಮುಗಿಸಿ, ಬಾಯಿ ಚಪ್ಪರಿಸಿ, ತನ್ನ ಕಾರಿಗೆ ರಾತ್ರಿ ಹಾಕು ಎಂದ. ಗಾಜಪ್ಪ ಸ್ಟಾಕ್ ಇಲ್ಲ ಎಂದ. ಸುರುಳಿ ಅವನ ತಲೆಯ ಮೇಲೇ ನೇತಾಡುತ್ತಿತ್ತು. ಗಿರಾಕಿ ಅದನ್ನೂ ಇವನನ್ನೂ ಒಂದು ಸಲ ನೋಡಿ ಹೊರಟುಹೋದ.

"ನೀವು ಹೋಗಿ ಹೇಳಿದ್ರೆ ಏನಾಗುತ್ತೆ ಗೊತ್ತಾ?" ಎಂದಳು ಹೆಂಡತಿ, ಯಂತ್ರ ನಿಲ್ಲಿಸಿ.

"ಗೊತ್ತು. ಅಂಗಡಿಗೆ ಬೀಗ. ಚೀಟಿ ಬದಲಾಯಿಸಿದ್ದು ಮೋಸದ ಕೇಸು."

"ಅದಲ್ಲ ನಾನು ಹೇಳೋದು. ಈಗ ಅವರನ್ನ ಹರಿದು ತಿಂತಿರೋ ಜನ ನಾಳೆ ನಮ್ಮ ಮನೆ ಬಾಗಿಲಿಗೆ ಬರ್ತಾರೆ."

"ಹಂಗಾದ್ರೆ ಸುಮ್ನೆ ಇರ್ಲಾ?"

ಅವಳು ಬಹಳ ಹೊತ್ತು ದಾರದ ತುದಿಯನ್ನು ಸೂಜಿಯ ಕಣ್ಣಿಗೆ ಪೋಣಿಸಲು ನೋಡಿದಳು. ಅದು ಹೋಗಲಿಲ್ಲ. "ಅವತ್ತು ನಾನು ಮೆಷಿನ್ ಓಡಿಸೋ ಬದಲು ಬಾಯಿ ಬಿಟ್ಟು ಹೇಳ್ಬೇಕಿತ್ತು," ಎಂದಳು. "ಹೋಗಿ ಬನ್ನಿ."

ಠಾಣೆಯಲ್ಲಿ ಇನ್ಸ್‌ಪೆಕ್ಟರು ಮೊದಲು ನಂಬಲಿಲ್ಲ. ಮೇಷ್ಟ್ರ ಕಡೆಯವರು ಕಳಿಸಿದ ಆಸಾಮಿ ಎಂದುಕೊಂಡರು. "ಇಷ್ಟು ದಿನ ಎಲ್ಲಿ ಸತ್ತಿದ್ದೆ?" ಎಂದರು. ಗಾಜಪ್ಪ ಬಗಲಲ್ಲಿದ್ದ ರಾತ್ರಿಯ ಸುರುಳಿಯನ್ನು ಮೇಜಿನ ಮೇಲಿಟ್ಟ. ಆಮೇಲೆ ಅಂಗಳದಲ್ಲಿ ನಿಂತಿದ್ದ ಜೀಪಿನ ಹಿಂದಿನ ಗಾಜಿಗೆ ಸೋಪಿನ ನೀರು ಚಿಮುಕಿಸಿ ಅದನ್ನು ಅಂಟಿಸಿದ. ಜೀವಮಾನದಲ್ಲಿ ಮೊದಲ ಸಲ ಅವನ ಕೆಲಸದಲ್ಲಿ ಗುಳ್ಳೆಗಳು ಉಳಿದವು.

ಒಬ್ಬ ಕಾನ್‌ಸ್ಟೇಬಲನ್ನು ಒಳಗೆ ಕೂರಿಸಿದರು. ಇನ್ಸ್‌ಪೆಕ್ಟರು ಹೊರಗೆ, ಮಧ್ಯಾಹ್ನದ ಬಿಸಿಲಿನಲ್ಲಿ, ವೀಡಿಯೋದಲ್ಲಿ ಮೇಷ್ಟ್ರು ನಿಂತಷ್ಟೇ ದೂರದಲ್ಲಿ ನಿಂತರು. ಬಗ್ಗಿ ನೋಡಿದರು. ಯಾರೂ ಹೇಳದೆಯೇ ಅವರ ಕೈ ಮೇಲಕ್ಕೆ ಹೋಗಿ ಓರೆಯಾಗಿದ್ದ ಟೋಪಿಯನ್ನು ನೆಟ್ಟಗೆ ಮಾಡಿತು. ಮೀಸೆಯ ಮೇಲೂ ಒಂದು ಬೆರಳು ಆಡಿತು. ತಕ್ಷಣ ಅವರು ಬೆಂಕಿ ಮುಟ್ಟಿದವರಂತೆ ಕೈ ಕೆಳಗಿಳಿಸಿದರು. ಅಂಗಳದಲ್ಲಿದ್ದವರು ಯಾರೂ ನಗಲಿಲ್ಲ.

"ಬರ್ಕೊಳ್ರಿ ಇವನ ಹೇಳಿಕೆ," ಎಂದರು ಇನ್ಸ್‌ಪೆಕ್ಟರು.

ಹೊರಗಿನಿಂದ ಏನು ಕಾಣುತ್ತದೆ ಎಂದು ಮೂರು ಪುಟ ಬರೆದುಕೊಂಡರು. ಒಳಗಿನಿಂದ ಏನು ಕಾಣುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಸಿಗೆ ಅದು ಬೇಕಿರಲಿಲ್ಲ. ಜೀಪಿನಿಂದ ಇಳಿದ ಕಾನ್‌ಸ್ಟೇಬಲ್ ಮಾತ್ರ ಮುಖ ಕಪ್ಪಿಟ್ಟುಕೊಂಡು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ. ಅವನಿಗೂ ಮನೆಯಲ್ಲಿ ಸಣ್ಣ ಮಗು ಇತ್ತು.

ಕೊಲೆಯ ಆರೋಪ ಬಿದ್ದುಹೋಯಿತು, ನಿರ್ಲಕ್ಷ್ಯದ್ದು ಉಳಿಯಿತು. ಮೇಷ್ಟ್ರಿಗೆ ಜಾಮೀನು ಸಿಕ್ಕಿತು. ಹೆಂಡತಿ ಹೇಳಿದ್ದ ಹಾಗೇ ಊರು ಈಗ ಗಾಜಪ್ಪನ ಕಡೆ ತಿರುಗಿತು. ಮೇಷ್ಟ್ರನ್ನು ನೇಣಿಗೆ ಹಾಕಿ ಎಂದಿದ್ದ ಬಾಯಿಗಳೇ ಪಾಪದ ಮೇಷ್ಟ್ರು ಎಂದವು. ಅಂಗಡಿಯ ಬಾಗಿಲಿಗೆ ಸರ್ಕಾರದ ಸೀಲು, ಅದರ ಪಕ್ಕ ಯಾರೋ ಮಸಿಯಲ್ಲಿ ಬರೆದ 'ಕೊಲೆಗಾರ'. ಕ್ಷೌರದವನು ಕುರ್ಚಿ ಖಾಲಿ ಇಲ್ಲ ಎಂದ. ಮಗಳು ತಾನು ಬರೆದದ್ದನ್ನು ಅಳಿಸಿದಳು. ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು, ಮೂರನೆಯ ದಿನ ತಾನೇ ತಟ್ಟೆ ಹಾಕಿ ಊಟಕ್ಕೆ ಕರೆದಳು. ಹೊಲಿಗೆ ಯಂತ್ರವನ್ನು ಮನೆಯ ನಡುಕೋಣೆಗೆ ತಂದಿಟ್ಟುಕೊಂಡು ಹೆಂಡತಿ ದಿಂಬಿನ ಚೀಲ ಹೊಲಿಯತೊಡಗಿದಳು.

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಬಾಗಿಲಲ್ಲಿ ಮೇಷ್ಟ್ರು ಮತ್ತು ಅವರ ಹೆಂಡತಿ ನಿಂತಿದ್ದರು. ಗಾಜಪ್ಪ ಎದ್ದು ನಿಂತ. ಬೈಯಲು ಬಂದಿದ್ದಾರೆ, ಬೈಯಲಿ ಎಂದುಕೊಂಡ. ಬೈದರೆ ಎದೆಯ ಭಾರ ಒಂದಿಷ್ಟು ಇಳಿಯುತ್ತಿತ್ತೇನೋ. ಅವರು ಬೈಯಲಿಲ್ಲ. ಮೇಷ್ಟ್ರು ಅರ್ಧ ಕರಗಿಹೋಗಿದ್ದರು. ತಲೆ ಬಾಚಿರಲಿಲ್ಲ. ಅವರು ಇನ್ನು ಯಾವತ್ತೂ ತಲೆ ಬಾಚುತ್ತಾರೆ ಎಂದು ಗಾಜಪ್ಪನಿಗೆ ಅನಿಸಲಿಲ್ಲ. ಗಂಡಹೆಂಡಿರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು, ನಡುವೆ ಒಂದು ಮಗು ಕೂರುವಷ್ಟು ಜಾಗ ಬಿಟ್ಟು.

"ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಣ್ಣಾ," ಎಂದಳು ನರ್ಸಮ್ಮ. "ಇವರಿಗೆ ಒಳಗಿರೋದು ಕಾಣಿಸ್ಲಿಲ್ಲ ಅಂತ ಹೇಳಿದ್ರಿ. ನಂಬ್ತೀನಿ. ನನಗೆ ನಿದ್ದೆ ಬರ್ತಿಲ್ಲ ಯಾಕೆ ಅಂದ್ರೆ..." ರೋಗಿಗಳ ಹತ್ತಿರ ಮಾತಾಡಿ ಅಭ್ಯಾಸವಾದ ತಗ್ಗಿದ ದನಿಯಲ್ಲಿ ಮತ್ತೆ ಕೇಳಿದಳು, "ಒಳಗಿಂದ ಹೊರಗೆ ಕಾಣುತ್ತಾ? ನನ್ನ ಮಗು ಇವರನ್ನ ನೋಡ್ತಾ?"

ಯಂತ್ರ ನಿಂತಿತು.

ಗಾಜಪ್ಪ ಸಾವಿರ ಸಲ ಹೇಳಿದ ಮಾತು ಅವನ ನಾಲಿಗೆಯ ತುದಿಗೆ ಬಂತು. ಈ ಬಾಯಿ ಸುಳ್ಳು ಹೇಳಿಯೇ ಹೊಟ್ಟೆ ಹೊರೆದಿತ್ತು, ಸುಳ್ಳು ಚೀಟಿ ಅಂಟಿಸಿ ಒಬ್ಬ ಮನುಷ್ಯನನ್ನು ನೇಣಿನ ಹತ್ತಿರ ಕಳಿಸಿತ್ತು. ಇನ್ನು ಮೇಲೆ ನಿಜ ಬಿಟ್ಟು ಬೇರೆ ಆಡುವುದಿಲ್ಲ ಎಂದು ಠಾಣೆಯಿಂದ ಬರುವ ದಾರಿಯಲ್ಲಿ ಅವನು ಆಣೆ ಹಾಕಿಕೊಂಡಿದ್ದ.

"ಇಲ್ಲಮ್ಮ," ಎಂದ. "ಎರಡೂ ಕಡೆ ಒಂದೇ. ರಾತ್ರಿ ಅಂದ್ರೆ ಒಳಗೂ ರಾತ್ರಿನೇ. ಮಗು ಕತ್ತಲೇಲಿ ನಿದ್ದೆ ಮಾಡ್ತಾ ಇತ್ತು, ಹಂಗೇ..."

ಅವಳು ಅವನ ಮುಖವನ್ನು ಬಿಡದೆ ನೋಡಿದಳು. ಅವಳು ಗಂಡನ ಕಡೆ ತಿರುಗಿದಳು.

ಮೇಷ್ಟ್ರು ನೆಲ ನೋಡುತ್ತಿದ್ದರು. "ಹೌದು," ಎಂದರು. "ಹಾಕಿಸಿದ ದಿನ ನಾನೇ ಒಳಗೆ ಕೂತು ನೋಡಿದ್ದೆ. ಏನೂ ಕಾಣಲ್ಲ."

ನರ್ಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬಹಳ ಹೊತ್ತು ಅತ್ತಳು. ಗಾಜಪ್ಪನ ಹೆಂಡತಿ ಹೋಗಿ ಅವಳ ಪಕ್ಕ, ಆ ಖಾಲಿ ಜಾಗದಲ್ಲಿ ಕೂತು ಬೆನ್ನು ಸವರಿದಳು. ಆಮೇಲೆ ನೀರು ಕುಡಿಸಿ, ಮುಖ ತೊಳೆದುಕೊಳ್ಳಲೆಂದು ಒಳಗೆ ಕರೆದುಕೊಂಡು ಹೋದಳು.

ಇಬ್ಬರು ಗಂಡಸರೇ ಉಳಿದರು. ಒಳಗಿನಿಂದ ನೀರಿನ ಸದ್ದು ಬರುತ್ತಿತ್ತು. ಮೇಷ್ಟ್ರು ತಲೆ ಎತ್ತಲಿಲ್ಲ.

"ಕೊನೆಗೆ ನಾಲ್ಕು ಬೆರಳು ತೋರಿಸಿದ್ರಿ ಅಲ್ವಾ?" ಎಂದರು ಮೆಲ್ಲಗೆ.

"ಹೂಂ, ಮೇಷ್ಟ್ರೇ."

"ಎಡ್ಡು ಅಂದ."

"ಹೂಂ."

ನೀರಿನ ಸದ್ದು ನಿಂತಿತು. ಮೇಷ್ಟ್ರು ಕಣ್ಣೊರೆಸಿಕೊಂಡು, ಹೆಂಡತಿ ಬರುವಷ್ಟರಲ್ಲಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರು.